ಮರಿ ಬೊಗಳಿತೆಂದು ಹಿಗ್ಗಬೇಡಿ

ಬೊಗಸೆಯಷ್ಟಿರುವ ನಾಯಿಮರಿ ಗೇಟಿನ ಬಳಿ ನಿಂತು ಹಾಲಿನ ಹುಡುಗನಿಗೆ 'ಬೌ' ಎಂದರೆ ಯಾರಿಗೆ ತಾನೆ ನಗು ಬಾರದು? ಮೂರು ತಿಂಗಳಿನವನಿದ್ದಾಗ ನಮ್ಮ ಕರಿಯ ಹಾಗೇ ಮಾಡಿದ. "ನೋಡ್ರೀ, ಈಗ್ಲೇ ಮನೆ ಕಾಯ್ತಾನೆ!" ಎಂದು ನಮ್ಮವರನ್ನು ಕೂಗಿ ಕರೆದೆ. ಮಕ್ಕಳು "ಛೂ, ಛೂ" ಎಂದರು. ನಾನು ಒಂದು ಚೂರು ಬಿಸ್ಕತ್ತನ್ನೂ ಹಾಕಿದೆ. ತಪ್ಪು ಆಗಿದ್ದು ಅಲ್ಲೇ.

ಐದನೇ ತಿಂಗಳಲ್ಲಿ ಕರಿಯ ದಿನಾ ಹೂವು ತರುವ ಅಜ್ಜಿಯ ಕೈಗೆ ಬಾಯಿ ಹಾಕಿದ. ಹಲ್ಲು ನಾಟಿ ರಕ್ತ ಬಂತು. "ಮರಿ ಅಲ್ವೇನಮ್ಮಾ, ಅರಿಸಿನ ಹಚ್ಕೋತೀನಿ ಬಿಡು" ಎಂದರು ಆ ತಾಯಿ. ನನಗೆ ಎದೆ ಧಸಕ್ಕೆಂದಿತು. 'ಇನ್ನೂ ಮರಿ ತಾನೆ' ಎಂಬ ಉದಾಸೀನದಲ್ಲಿ ಅವನಿಗೆ ಲಸಿಕೆಯನ್ನೇ ಹಾಕಿಸಿರಲಿಲ್ಲ! ಗಾಯಕ್ಕೆ ಸೋಪು ಹಚ್ಚಿ ನಲ್ಲಿ ನೀರಿನಲ್ಲಿ 15 ನಿಮಿಷ ತೊಳೆದು, ಅಜ್ಜಿಯನ್ನು ಆಸ್ಪತ್ರೆಗೆ ಕರೆದೊಯ್ದೆ. ಹೊಟ್ಟೆಗೆ 14 ಸೂಜಿ ಚುಚ್ಚುತ್ತಿದ್ದ ಕಾಲ ಹೋಯಿತು. ಈಗ ತೋಳಿಗೆ ಕೆಲವೇ ಸೂಜಿ. ಹೇಳಿದ ದಿನ ಮಾತ್ರ ತಪ್ಪಿಸಬಾರದು. ರೇಬಿಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಜೀವ ಉಳಿಯುವುದಿಲ್ಲವೆಂದೇ ಹೇಳಬೇಕು.

ಕರಿಯನನ್ನು ಪಶುವೈದ್ಯರಿಗೆ ತೋರಿಸಿದೆ. "ಅದು ಧೈರ್ಯ ಅಲ್ಲಮ್ಮಾ, ಹೆದರಿಕೆ" ಎಂದರು. ಆಮೇಲೆ ಗಮನಿಸಿ ನೋಡಿದೆ. ಹೌದು, ಬೊಗಳುವಾಗ ಬಾಲ ಒಳಗೆ, ಕಿವಿ ಹಿಂದಕ್ಕೆ, ಹೆಜ್ಜೆಯೂ ಹಿಂದಕ್ಕೆ! ಮರಿ ಬೊಗಳುತ್ತದೆ, ಹಾಲಿನ ಹುಡುಗ ತನ್ನ ಪಾಡಿಗೆ ಹೋಗುತ್ತಾನೆ. 'ನಾನೇ ಓಡಿಸಿದೆ' ಎಂದು ಅದು ದಿನಾ ಪಾಠ ಕಲಿಯುತ್ತದೆ. ಮೇಲೆ ನಮ್ಮ ಬಿಸ್ಕತ್ತು ಬೇರೆ!

ಮನೆ ಕಾಯುವ ಬುದ್ಧಿ ಸಾಮಾನ್ಯವಾಗಿ ಆರು ತಿಂಗಳು ಕಳೆದ ಮೇಲೆ ನಿಧಾನವಾಗಿ ಬಲಿಯುತ್ತದೆ. ಅದನ್ನು ನಾವು ಛೂ ಬಿಟ್ಟು ಕಲಿಸಬೇಕಿಲ್ಲ. ಮರಿ ತಂದವರು ಇಷ್ಟು ಮಾಡಿ:

• ಎರಡು ತಿಂಗಳು ತುಂಬುವ ಮುನ್ನ ತಾಯಿಯಿಂದ ಅಗಲಿಸಬೇಡಿ.

• ಸುಮಾರು ಮೂರು ತಿಂಗಳವರೆಗಿನ ವಯಸ್ಸು ಬಹಳ ಮುಖ್ಯ. ಹಾಲಿನವರು, ಕೊಡೆ ಹಿಡಿದವರು, ಮಕ್ಕಳು, ಮುದುಕರು ಎಲ್ಲರನ್ನೂ ಆಗಲೇ ಪರಿಚಯ ಮಾಡಿಸಿ. ಬಂದವರು ಒಂದು ಚೂರು ತಿಂಡಿಯನ್ನು ಅದರ ಹತ್ತಿರ ಹಾಕಲಿ. ಬಲವಂತವಾಗಿ ಮುಟ್ಟಿಸಬೇಡಿ.

• ಗುರ್ರೆಂದರೆ ಹೊಡೆಯಬೇಡಿ. ಹೊಡೆದರೆ ಮುಂದೆ ಗುರ್ರೆನ್ನದೆಯೇ ಕಚ್ಚೀತು. ಮೆಲ್ಲಗೆ ದೂರ ಕರೆದುಕೊಳ್ಳಿ.

• ದಿನವಿಡೀ ಗೇಟಿನ ಬಳಿ ಕಟ್ಟಿಹಾಕಬೇಡಿ.

• ಮೂರು ತಿಂಗಳಾದಾಗ ರೇಬಿಸ್ ಲಸಿಕೆ ಹಾಕಿಸಿ. ಮುಂದಿನದು ಯಾವಾಗ ಎಂದು ಪಶುವೈದ್ಯರನ್ನು ಕೇಳಿ ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ.

ಕರಿಯನಿಗೆ ಈಗ ಎರಡು ವರ್ಷ. ತಿದ್ದಲು ತಿಂಗಳುಗಟ್ಟಲೆ ಹಿಡಿಯಿತು. ಈಗ ಅಜ್ಜಿ ಬಂದರೆ ಬಾಲ ಅಲ್ಲಾಡಿಸುತ್ತಾನೆ. ಮೊನ್ನೆ ನಡುರಾತ್ರಿ ಯಾರೋ ಹಿತ್ತಿಲ ಅಗುಳಿ ಅಲುಗಿಸಿದಾಗ, ನಾವು ದೀಪ ಹಾಕುವವರೆಗೂ ಬೊಗಳಿದ. ಅದನ್ನು ಯಾರೂ ಅವನಿಗೆ ಕಲಿಸಿರಲಿಲ್ಲ.

ಅಜ್ಜಿಯ ಕೈಮೇಲಿನ ಕಲೆ ಮಾತ್ರ ಹಾಗೇ ಉಳಿದಿದೆ. ಹೂವು ಮೊಳ ಹಾಕುವಾಗ ದಿನಾ ನನ್ನ ಕಣ್ಣಿಗೆ ಬೀಳುತ್ತದೆ.