ವಿಲ್ಸನ್‌ಗಾಗಿ ಡೆನ್ವರ್ ತೆತ್ತ ಬೆಲೆ

ಚೆಂಡೆಸೆದು ಆಟ ನಡೆಸುವ ಕ್ವಾರ್ಟರ್‌ಬ್ಯಾಕ್ ಆರನ್ ರಾಜರ್ಸ್ ಗ್ರೀನ್ ಬೇ ತಂಡ ಬಿಟ್ಟು ತಮ್ಮೂರಿಗೆ ಬಂದಾರೆಂದು ಡೆನ್ವರ್‌ನ ಫುಟ್‌ಬಾಲ್ ಅಭಿಮಾನಿಗಳು ವರ್ಷದಿಂದ ಆಸೆ ಇಟ್ಟುಕೊಂಡಿದ್ದರು. 2022ರ ಮಾರ್ಚ್ 8ರಂದು ರಾಜರ್ಸ್ ಅಲ್ಲೇ ಉಳಿಯುವ ಸುದ್ದಿ ಬಂತು. ನಿರಾಸೆ ಕೆಲವೇ ಗಂಟೆಗಳದ್ದು. ಅದೇ ದಿನ ಸಿಯಾಟಲ್ ಸೀಹಾಕ್ಸ್‌ನ ಕ್ವಾರ್ಟರ್‌ಬ್ಯಾಕ್ ರಸೆಲ್ ವಿಲ್ಸನ್ ಅವರನ್ನು ಡೆನ್ವರ್ ಬ್ರಾಂಕೋಸ್ ತರುತ್ತಿದೆ ಎಂದು ಗೊತ್ತಾಯಿತು. ಡ್ರಾಫ್ಟ್‌ನ ಮೊದಲ ಸುತ್ತಿನ ಎರಡು ಪಿಕ್, ಎರಡನೇ ಸುತ್ತಿನ ಎರಡು, ಐದನೇ ಸುತ್ತಿನ ಒಂದು, ಅದರ ಮೇಲೆ ಮೂವರು ಆಟಗಾರರು: ಇಷ್ಟು ಕೊಟ್ಟಿದ್ದಕ್ಕೆ ವಿಲ್ಸನ್ ಜೊತೆ ಬಂದದ್ದು ನಾಲ್ಕನೇ ಸುತ್ತಿನ ಒಂದೇ ಒಂದು ಪಿಕ್. ಲೀಗ್‌ನ ಫೈನಲ್ ಆದ ಸೂಪರ್ ಬೌಲ್ ಗೆದ್ದ ಆಟಗಾರನಿಗೆ ಇದು ಅಗ್ಗವೋ, ಮೂವತ್ಮೂರು ದಾಟಿದವನಿಗೆ ದುಬಾರಿಯೋ ಎಂಬ ವಾದ ಅಂದೇ ಶುರುವಾಯಿತು.

ಐಪಿಎಲ್ ನೋಡುವ ನಮಗೆ ಆಟಗಾರನ ಬೆಲೆ ಎಂದರೆ ಹರಾಜಿನ ಕೋಟಿಗಳು. ಅಮೆರಿಕನ್ ಫುಟ್‌ಬಾಲ್ ಲೀಗ್ ಎನ್‌ಎಫ್‌ಎಲ್‌ನಲ್ಲಿ ಹರಾಜಿಲ್ಲ. ಕಾಲೇಜು ಮುಗಿಸಿ ಬರುವ ಹುಡುಗರನ್ನು 32 ತಂಡಗಳು ಏಳು ಸುತ್ತುಗಳಲ್ಲಿ ಸರದಿಯಂತೆ ಆರಿಸಿಕೊಳ್ಳುತ್ತವೆ. ಇದೇ ಡ್ರಾಫ್ಟ್, ಅದರ ಒಂದೊಂದು ಸರದಿಯೇ ಪಿಕ್. ಹಿಂದಿನ ಋತುವಿನಲ್ಲಿ ಹೆಚ್ಚು ಸೋತವರಿಗೆ ಮೊದಲ ಸರದಿ. ಹೀಗೆ ಬಂದ ಹುಡುಗರ ಸಂಬಳ ನಾಲ್ಕು ವರ್ಷ ನಿಯಮದಂತೆ ಕಡಿಮೆ. ಇಡೀ ತಂಡದ ಸಂಬಳಕ್ಕೂ ಮಿತಿಯಿದೆ. 2022ರಲ್ಲಿ ಅದು 20.82 ಕೋಟಿ ಡಾಲರ್. ಹಾಗಾಗಿ ದೊಡ್ಡ ಕ್ವಾರ್ಟರ್‌ಬ್ಯಾಕ್ ಬಂದಾಗ ತಂಡಕ್ಕೆ ಎರಡು ಕಡೆಯಿಂದ ಹೊಡೆತ. ಕಡಿಮೆ ಸಂಬಳಕ್ಕೆ ಸಿಗಬೇಕಿದ್ದ ಪ್ರತಿಭೆ ಕೈತಪ್ಪುತ್ತದೆ, ಉಳಿದವರಿಗೆ ಕೊಡಬೇಕಿದ್ದ ಹಣವನ್ನೂ ಅವನೊಬ್ಬನೇ ಒಯ್ಯುತ್ತಾನೆ.

ಇದೆಲ್ಲ ಡೆನ್ವರ್‌ನವರಿಗೆ ಗೊತ್ತಿಲ್ಲದ್ದಲ್ಲ. ಆದರೂ ಅವರು ಸಂಭ್ರಮಿಸಿದ್ದನ್ನು ನಾನು ಮೂರ್ಖತನ ಎನ್ನಲಾರೆ. 2016ರಲ್ಲಿ ಪೇಟನ್ ಮ್ಯಾನಿಂಗ್ ಕಪ್ ಗೆದ್ದುಕೊಟ್ಟು ನಿವೃತ್ತರಾದ ಮೇಲೆ ಆ ಜಾಗದಲ್ಲಿ ಹತ್ತು ಮಂದಿ ಬಂದು ಹೋಗಿದ್ದರು. ಒಮ್ಮೆಯೂ ಪ್ಲೇಆಫ್ ಮುಖ ಕಂಡಿರಲಿಲ್ಲ. 2020ರ ನವೆಂಬರ್‌ನಲ್ಲಂತೂ ಕೋವಿಡ್ ನಿಯಮದಿಂದಾಗಿ ತಂಡದ ಕ್ವಾರ್ಟರ್‌ಬ್ಯಾಕ್‌ಗಳೆಲ್ಲ ಹೊರಗುಳಿದು, ಕೆಂಡಾಲ್ ಹಿಂಟನ್ ಎಂಬ ರಿಸೀವರ್‌ನನ್ನು ಆ ಜಾಗದಲ್ಲಿ ನಿಲ್ಲಿಸಬೇಕಾಯಿತು. ಒಂಬತ್ತು ಪಾಸ್‌ಗಳಲ್ಲಿ ಗುರಿ ಮುಟ್ಟಿದ್ದು ಒಂದು. ಪಂದ್ಯ 31–3ರಲ್ಲಿ ಹೋಯಿತು. ಅದನ್ನು ಕಣ್ಣಾರೆ ಕಂಡವರ ಮುಂದೆ ಮುಂದಿನ ವರ್ಷದ ಪಿಕ್‌ಗಳ ಲೆಕ್ಕ ಹೇಳಿ ಒಪ್ಪಿಸುವುದು ಕಷ್ಟ. ಅದರ ಮೇಲೆ, ಒಂದು ತಿಂಗಳ ಹಿಂದಷ್ಟೇ ಲಾಸ್ ಏಂಜಲೀಸ್ ರ‍್ಯಾಮ್ಸ್ ಇದೇ ದಾರಿಯಲ್ಲಿ ಗೆದ್ದಿತ್ತು. ಮೊದಲ ಸುತ್ತಿನ ಎರಡು ಪಿಕ್, ಮೂರನೇ ಸುತ್ತಿನ ಒಂದು ಪಿಕ್, ಜೊತೆಗೆ ತನ್ನ ಕ್ವಾರ್ಟರ್‌ಬ್ಯಾಕ್ ಜಾರೆಡ್ ಗಾಫ್, ಇಷ್ಟನ್ನು ಡೆಟ್ರಾಯಿಟ್‌ಗೆ ಕೊಟ್ಟು ಮ್ಯಾಥ್ಯೂ ಸ್ಟಾಫರ್ಡ್ ಅವರನ್ನು ತಂದ ರ‍್ಯಾಮ್ಸ್, ಮೊದಲ ವರ್ಷವೇ ಸೂಪರ್ ಬೌಲ್ ಎತ್ತಿತ್ತು.

ನನ್ನ ಪ್ರಕಾರ ಡೆನ್ವರ್‌ನ ಅಸಲಿ ತಪ್ಪು ಮಾರ್ಚ್‌ನದ್ದಲ್ಲ, ಸೆಪ್ಟೆಂಬರ್‌ನದ್ದು. ವಿಲ್ಸನ್‌ರ ಹಳೆಯ ಒಪ್ಪಂದದಲ್ಲಿ ಇನ್ನೂ ಎರಡು ಋತು ಬಾಕಿಯಿತ್ತು. ಕಾದು ನೋಡಬಹುದಿತ್ತು. ಕಾಯಲಿಲ್ಲ. ಅವರು ಬ್ರಾಂಕೋಸ್‌ಗೆ ಒಂದೂ ಪಂದ್ಯ ಆಡುವ ಮೊದಲೇ ಸುಮಾರು 24.5 ಕೋಟಿ ಡಾಲರ್‌ನ ಐದು ವರ್ಷದ ಹೊಸ ಒಪ್ಪಂದಕ್ಕೆ ಸಹಿ ಬಿತ್ತು. ಅಭಿಮಾನಿಗಳು ಪಿಕ್‌ಗಳ ಮೇಲೆ ಜಗಳವಾಡಿದಷ್ಟು ಈ ಸಹಿಯ ಮೇಲೆ ಆಡಲಿಲ್ಲ. ಪಿಕ್‌ಗಳ ಸಾಲ ಎರಡು ಡ್ರಾಫ್ಟ್‌ಗೆ ತೀರುತ್ತಿತ್ತು, ಸಹಿಯ ಸಾಲ ಹಾಗೆ ತೀರುವಂಥದ್ದಾಗಿರಲಿಲ್ಲ.

ಮೊದಲ ಪಂದ್ಯವೇ ಸಿಯಾಟಲ್‌ನಲ್ಲಿ. ಹಳೆಯ ಊರಿನ ಜನ ವಿಲ್ಸನ್‌ರನ್ನು ಕೂಗಿ ಹೀಯಾಳಿಸಿದರು. ಕೊನೆಯ ಕ್ಷಣದಲ್ಲಿ ಐದು ಗಜ ಬೇಕಿದ್ದಾಗ, ಅಷ್ಟೆಲ್ಲ ತೆತ್ತು ತಂದವನ ಕೈಗೆ ಚೆಂಡು ಕೊಡುವ ಬದಲು ಕೋಚ್ ನಥಾನಿಯಲ್ ಹ್ಯಾಕೆಟ್ 64 ಗಜದ ಕಿಕ್‌ಗೆ ಕೈಹಾಕಿದರು. ಗುರಿ ತಪ್ಪಿತು, ಡೆನ್ವರ್ 17–16ರಿಂದ ಸೋತಿತು. ಮುಂದಿನ ವಾರ ತವರಿನ ಪ್ರೇಕ್ಷಕರು, ತಮ್ಮ ತಂಡ ಮತ್ತೆ ತಡಮಾಡಿ ದಂಡ ತೆರದಿರಲೆಂದು ಗಡಿಯಾರದ ಸೆಕೆಂಡುಗಳನ್ನು ತಾವೇ ಜೋರಾಗಿ ಎಣಿಸಿದರು. ಆ ಋತುವಿನಲ್ಲಿ ಲೀಗ್‌ನಲ್ಲೇ ಅತಿ ಕಡಿಮೆ ಅಂಕ ಗಳಿಸಿದ ತಂಡ ಬ್ರಾಂಕೋಸ್: 5 ಗೆಲುವು, 12 ಸೋಲು. ಆ ಸೋಲುಗಳೇ ಬೆಲೆಯನ್ನು ಏರಿಸಿದವು. ತಂಡ ಗೆದ್ದಿದ್ದರೆ ಸಿಯಾಟಲ್‌ಗೆ ಸೇರಿದ್ದ 2023ರ ಪಿಕ್ ಇಪ್ಪತ್ತರ ಆಚೆಯೆಲ್ಲೋ ಬೀಳುತ್ತಿತ್ತು. ಸೋತಿದ್ದರಿಂದ ಅದು ಐದನೆಯದಾಗಿ ಬಿತ್ತು. ಮೂವತ್ತರ ಹತ್ತಿರದ ಪಿಕ್‌ಗೂ ಐದನೆಯದಕ್ಕೂ ಇರುವ ಅಂತರ ಮಾರ್ಚ್‌ನ ಯಾರ ಲೆಕ್ಕದಲ್ಲೂ ಇರಲಾರದು.

ಮುಂದಿನದ್ದು ಬೇಗ ಮುಗಿಯುವ ಕಥೆ. ಋತು ಮುಗಿಯುವ ಮೊದಲೇ ಹ್ಯಾಕೆಟ್ ಹೋದರು. ಶಾನ್ ಪೇಟನ್ ಅವರನ್ನು ಕೋಚ್ ಆಗಿ ತರಲು ಮೊದಲ ಸುತ್ತಿನ ಮತ್ತೊಂದು ಪಿಕ್ ಹೋಯಿತು. 2023ರ ಕೊನೆಯ ಎರಡು ಪಂದ್ಯಗಳಿಗೆ ವಿಲ್ಸನ್‌ರನ್ನು ಕೂರಿಸಲಾಯಿತು, 2024ರ ಮಾರ್ಚ್‌ನಲ್ಲಿ ಬಿಟ್ಟುಕೊಡಲಾಯಿತು. ತಂಡದಲ್ಲಿಲ್ಲದ ಆಟಗಾರನಿಗಾಗಿ ಎರಡು ಋತುಗಳ ಸಂಬಳದ ಮಿತಿಯೊಳಗೆ 8.5 ಕೋಟಿ ಡಾಲರ್ ಕಳೆದುಹೋಯಿತು. ಆ ಲೀಗ್‌ನಲ್ಲಿ ಅಲ್ಲಿಯವರೆಗೆ ಯಾರೂ ಅಷ್ಟು ತೆತ್ತಿರಲಿಲ್ಲ.

ಕ್ಲೀವ್‌ಲ್ಯಾಂಡ್‌ನ ಅಭಿಮಾನಿಗಳ ಪಾಲಿಗೆ ಬಂದದ್ದು ಇದಕ್ಕಿಂತ ಕಹಿ. ಇಪ್ಪತ್ತಕ್ಕೂ ಹೆಚ್ಚು ಮಹಿಳೆಯರು ಲೈಂಗಿಕ ದುರ್ವರ್ತನೆಯ ದಾವೆ ಹೂಡಿದ್ದ ಡೆಶಾನ್ ವಾಟ್ಸನ್‌ಗಾಗಿ ಬ್ರೌನ್ಸ್ ತಂಡ 2022ರ ಅದೇ ಮಾರ್ಚ್‌ನಲ್ಲಿ ಮೊದಲ ಸುತ್ತಿನ ಮೂರು ಪಿಕ್ ಕೊಟ್ಟು, ಪೂರ್ತಿ ಖಾತರಿಯ 23 ಕೋಟಿ ಡಾಲರ್ ಒಪ್ಪಂದವನ್ನೂ ಮಾಡಿಕೊಂಡಿತು. ಬಾಲ್ಯದಿಂದ ಪ್ರೀತಿಸಿದ ತಂಡದ ಅಂಗಿಯನ್ನು ಇನ್ನು ತೊಡುವುದೋ ಬೇಡವೋ ಎಂದು ಯೋಚಿಸಬೇಕಾಗಿ ಬಂದವರಿಗೆ ಆದ ನಷ್ಟ ಯಾವ ಡ್ರಾಫ್ಟ್ ಲೆಕ್ಕಕ್ಕೂ ಸಿಗುವುದಿಲ್ಲ. ಈ ಮೂರು ವ್ಯವಹಾರಗಳಲ್ಲಿ ನಾನು ಕ್ಷಮಿಸಲಾರದ್ದು ಇದೊಂದೇ.

ಕೊಟ್ಟವರ ಕಡೆಯಿಂದ ನೋಡಿದರೆ ಚಿತ್ರವೇ ಬೇರೆ. 2024ರ ಜನವರಿಯಲ್ಲಿ ಸ್ಟಾಫರ್ಡ್ ಎದುರಾಳಿಯಾಗಿ ಡೆಟ್ರಾಯಿಟ್‌ಗೆ ಮರಳಿದಾಗ, ಹನ್ನೆರಡು ವರ್ಷ ಅವರನ್ನು ಮೆರೆಸಿದ್ದ ಕ್ರೀಡಾಂಗಣ ಗಾಫ್ ಹೆಸರನ್ನು ಕೂಗುತ್ತಿತ್ತು. ಡೆಟ್ರಾಯಿಟ್ ಲಯನ್ಸ್ 24–23ರಿಂದ ಗೆದ್ದರು, ಮೂವತ್ತೆರಡು ವರ್ಷಗಳಲ್ಲಿ ಅವರ ಮೊದಲ ಪ್ಲೇಆಫ್ ಗೆಲುವು. ಸಿಯಾಟಲ್ ಡೆನ್ವರ್‌ನಿಂದ ಪಡೆದ ಪಿಕ್‌ಗಳಲ್ಲಿ ಚಾರ್ಲ್ಸ್ ಕ್ರಾಸ್, ಬೋಯ್ ಮಾಫೆ, ಡೆವನ್ ವಿದರ್‌ಸ್ಪೂನ್, ಡೆರಿಕ್ ಹಾಲ್ ಅವರನ್ನು ಆರಿಸಿಕೊಂಡಿತು. 2026ರ ಫೆಬ್ರುವರಿಯಲ್ಲಿ ನ್ಯೂ ಇಂಗ್ಲೆಂಡ್ ವಿರುದ್ಧ 29–13ರಿಂದ ಸೂಪರ್ ಬೌಲ್ ಗೆದ್ದ ಸಿಯಾಟಲ್ ತಂಡ ಈ ನಾಲ್ವರದ್ದೂ ಹೌದು. ಅದರ ಕ್ವಾರ್ಟರ್‌ಬ್ಯಾಕ್ ಸ್ಯಾಮ್ ಡಾರ್ನಾಲ್ಡ್‌ರನ್ನು ತರಲು ಯಾವ ತಂಡಕ್ಕೂ ಒಂದು ಪಿಕ್ಕೂ ಕೊಟ್ಟಿರಲಿಲ್ಲ. ಡೆನ್ವರ್‌ನವರೂ ಆ ಹೊತ್ತಿಗೆ ತಮ್ಮದೇ ಪಿಕ್‌ನಲ್ಲಿ ಬಂದ ಬೋ ನಿಕ್ಸ್ ಜೊತೆ ಲೀಗ್ ಹಂತದಲ್ಲಿ 14 ಪಂದ್ಯ ಗೆದ್ದಿದ್ದರು, ವಿಲ್ಸನ್ ಲೆಕ್ಕದ ಕೊನೆಯ ಕಂತನ್ನು ಅದೇ ಋತುವಿನಲ್ಲಿ ತೀರಿಸುತ್ತಾ.