‘ನಂದು’ ಎನ್ನುವ ಮಗು

ಭಾನುವಾರದ ಸಂಜೆ. ಪೂರ್ವ ಮಲಾಡಿನ ಒಂದು ಕೋಣೆ, ಒಂದು ಅಡಿಗೆಮನೆಯ ಸಂಸಾರಕ್ಕೆ ಡೊಂಬಿವಿಲಿಯಿಂದ ನೆಂಟರು ಬಂದಿದ್ದಾರೆ. ಅವರ ಮಗು, ಮನೆಯ ಎರಡು ವರ್ಷದ ಮಗುವಿನ ಚನ್ನಪಟ್ಟಣದ ಮರದ ರೈಲುಗಾಡಿಗೆ ಕೈ ಹಾಕುತ್ತದೆ. ‘ನಂದು!’ ಎಂಬ ಕೂಗು ಕೋಣೆಯನ್ನು ತುಂಬುತ್ತದೆ. ತಾಯಿ ಆಟಿಕೆಯನ್ನು ಕಿತ್ತು ನೆಂಟರ ಮಗುವಿನ ಕೈಗಿಡುತ್ತಾಳೆ. ಅಳು ಮುಗಿಲು ಮುಟ್ಟುತ್ತದೆ. ‘ಈಗಲೇ ಇಷ್ಟು ಜಿಪುಣತನವೆ!’ ಎಂದು ಯಾರೋ ನಗುತ್ತಾರೆ. ತಾಯಿ ತಲೆ ತಗ್ಗಿಸುತ್ತಾಳೆ.

ಆಕೆಯ ಸಂಕಟ ನಾಚಿಕೆಯಷ್ಟೇ ಅಲ್ಲ. ಊರಿನ ತುಂಬಿದ ಮನೆಯಲ್ಲಿ ದೊಡ್ಡಪ್ಪ ಚಿಕ್ಕಪ್ಪಂದಿರ ಮಕ್ಕಳ ನಡುವೆ ಬೆಳೆದವಳು ಆಕೆ. ಒಂದು ಹಲಸಿನ ತೊಳೆಯೂ ಅಲ್ಲಿ ಒಬ್ಬರದೇ ಆಗಿರಲಿಲ್ಲ. ಇಲ್ಲಿ ಒಂದೇ ಮಗು. ಬಾಗಿಲು ಮುಚ್ಚಿದರೆ ಪಾಲು ಕೇಳುವವರೇ ಇಲ್ಲ. ಮುಂಬಯಿ ತನ್ನ ಮಗುವನ್ನು ಸ್ವಾರ್ಥಿಯನ್ನಾಗಿ ಮಾಡಿತೇ ಎಂಬ ಅಳುಕು ಆಕೆಯನ್ನು ಕಾಡುತ್ತದೆ.

ಮನಶ್ಶಾಸ್ತ್ರಜ್ಞರ ಉತ್ತರ ಈ ತಾಯಿಗೆ ಸಮಾಧಾನ ತರುವಂಥದು. ಎರಡನೆಯ ವರ್ಷದಲ್ಲಿ ಶಿಶು ಕನ್ನಡಿಯೊಳಗಿನ ಮುಖ ತನ್ನದೆಂದು ಗುರುತಿಸತೊಡಗುತ್ತದೆ. ತಾನು ಬೇರೆ, ಇತರರು ಬೇರೆ ಎಂಬ ಅರಿವು ಮೂಡುವ ಕಾಲವದು. ಎರಡು ವರ್ಷದ ಗಂಡುಮಕ್ಕಳನ್ನು ಕುರಿತು 1983ರಲ್ಲಿ ಪ್ರಕಟವಾದ ಲಾರಾ ಲೆವಿನ್ ಅವರ ಅಧ್ಯಯನದಲ್ಲಿ, ಈ ಅರಿವು ಹೆಚ್ಚು ಸ್ಪಷ್ಟವಾಗಿದ್ದ ಮಕ್ಕಳೇ ಆಟಿಕೆಗಳ ಮೇಲೆ ಹೆಚ್ಚಾಗಿ ಹಕ್ಕು ಸಾಧಿಸಿದರು. ಮನೆಯೊಳಗೆ ‘ನಂದು’, ಮೊಗಸಾಲೆಯಲ್ಲಿ ಪಕ್ಕದ ಮನೆಯ ಮಕ್ಕಳೆದುರು ‘ಮೇರಾ’ ಎನ್ನುವ ಮಲಾಡಿನ ಶಿಶು ಎರಡು ಭಾಷೆಗಳಲ್ಲಿ ಒಂದೇ ಪಾಠವನ್ನು ಒಪ್ಪಿಸುತ್ತಿರುತ್ತದೆ. ತನ್ನದೆಂಬುದು ತಿಳಿಯದವರು ಕೊಡುವುದಾದರೂ ಏನನ್ನು?

ಹಾಗಾದರೆ ಕೊಡುವ ಬುದ್ಧಿ ಬರುವುದೆಂದು? 2009ರಲ್ಲಿ ಸೀಲಿಯಾ ಬ್ರೌನೆಲ್ ಮತ್ತು ಸಂಗಡಿಗರು ಒಂದು ಪ್ರಯೋಗವನ್ನು ಪ್ರಕಟಿಸಿದರು. ಮಗು ತಿಂಡಿಯನ್ನು ತನಗೆ ಮಾತ್ರ ಬರುವಂತೆಯೋ, ಎದುರಿನ ಹಿರಿಯರಿಗೂ ಸಿಗುವಂತೆಯೋ ಎಳೆದುಕೊಳ್ಳಬಹುದಿತ್ತು. ಹೇಗೆ ಎಳೆದರೂ ಅದರ ಪಾಲಿಗೆ ಕೊರತೆಯಿಲ್ಲ. ಹದಿನೆಂಟು ತಿಂಗಳ ಮಕ್ಕಳು ಹಿರಿಯರನ್ನು ಲಕ್ಷಿಸಲಿಲ್ಲ. ಇಪ್ಪತ್ತೈದು ತಿಂಗಳಿನವರು ಹಂಚಿಕೊಂಡರು. ಆದರೆ ಹಿರಿಯರು ‘ನನಗೂ ಬೇಕು’ ಎಂದು ಬಾಯಿಬಿಟ್ಟು ಹೇಳಿದಾಗ ಮಾತ್ರ. ಇದರಲ್ಲಿ ಆಶ್ಚರ್ಯವೇನು? ಚರ್ಚ್‌ಗೇಟಿಗೆ ಹೊರಟ ಲೋಕಲಿನಲ್ಲಿ ಮೂವರ ಆಸನದ ಮೇಲೆ ಕುಳಿತ ಸಭ್ಯ ಗೃಹಸ್ಥರೂ ನಾಲ್ಕನೆಯವನು ಕೈಸನ್ನೆ ಮಾಡುವವರೆಗೆ ಸರಿಯುವುದಿಲ್ಲ. ಆದುದರಿಂದ ‘ಕೊಡು’ ಎಂದು ಗದರುವುದಕ್ಕಿಂತ, ‘ನೋಡು, ಅದಕ್ಕೂ ರೈಲು ಓಡಿಸುವ ಆಸೆ’ ಎಂದು ತಿಳಿಯಹೇಳುವುದು ಲೇಸು.

ಕಿತ್ತುಕೊಟ್ಟದ್ದು ಮಗುವಿನ ದಾನವಾಗುವುದಿಲ್ಲ. ಅದು ತಾಯಿಯ ದಾನ. 2013ರಲ್ಲಿ ಚೆರ್ನ್ಯಾಕ್ ಮತ್ತು ಕುಶ್ನೀರ್ ಮೂರು-ನಾಲ್ಕು ವರ್ಷದ ಮಕ್ಕಳಲ್ಲಿ ಇದನ್ನೇ ಕಂಡರು. ತನಗೂ ಬೇಕಾದ ವಸ್ತುವನ್ನು ಇಟ್ಟುಕೊಳ್ಳುವ ಅವಕಾಶವಿದ್ದೂ ತಾನಾಗಿ ಬಿಟ್ಟುಕೊಟ್ಟ ಮಕ್ಕಳು ಮುಂದೆ ಹೆಚ್ಚು ಹಂಚಿಕೊಂಡರು. ಆಯ್ಕೆಯಿಲ್ಲದೆ ಕೊಟ್ಟವರು ಅಷ್ಟು ಹಂಚಿಕೊಳ್ಳಲಿಲ್ಲ. ಸಮಪಾಲು ಕೊಡಬೇಕೆಂದು ಮೂರು ವರ್ಷದ ಮಗುವೂ ಹೇಳಬಲ್ಲದು. ಅದರಂತೆ ನಡೆಯಲು ಏಳೆಂಟು ವರ್ಷಗಳಾಗಬೇಕು ಎಂಬುದು ಅದೇ ವರ್ಷದ ಮತ್ತೊಂದು ಸಂಶೋಧನೆಯ ಫಲಿತಾಂಶ.

ನೆಂಟರು ಬರುವ ಮೊದಲೇ ಮಗುವಿಗೆ ಅತಿ ಪ್ರಿಯವಾದ ಒಂದೆರಡು ಆಟಿಕೆಗಳನ್ನು ಅದರಿಂದಲೇ ಆರಿಸಿ ಕಪಾಟಿನ ಮೇಲಿಡಬಹುದು. ಉಳಿದವು ಎಲ್ಲರಿಗೂ. ಸರದಿಯನ್ನು ಗಡಿಯಾರದಿಂದ ಅಳೆದರೆ ಶಿಶುವಿಗೆ ಅರ್ಥವಾಗದು. ‘ಕುಕ್ಕರು ಮೂರು ಸಲ ಕೂಗುವವರೆಗೆ ಅದರ ಕೈಯಲ್ಲಿ, ಆಮೇಲೆ ನಿನ್ನ ಕೈಯಲ್ಲಿ’ ಎಂದರೆ ಅರ್ಥವಾಗುತ್ತದೆ. ಮೂರನೆಯ ಕೂಗಿಗೆ ಆಟಿಕೆ ತಪ್ಪದೆ ಹಿಂದಕ್ಕೆ ಬರಬೇಕು. ಕೊಟ್ಟದ್ದು ಕಳೆದುಹೋಗುವುದಿಲ್ಲ ಎಂಬ ನಂಬಿಕೆ ಅಲ್ಲಿಂದಲೇ ಹುಟ್ಟುವುದು. ನೀರಿನ ಬಾಟಲಿ, ಚಮಚ, ಟವೆಲುಗಳ ವಿಷಯ ಬೇರೆ. ನೆಗಡಿಯೂ ಹಂಚಿಕೆಯಾಗುವ ಈ ಇಕ್ಕಟ್ಟಿನಲ್ಲಿ ಅವು ಅವರವರದೇ ಆಗಿರಲಿ.

ಮುಂದಿನ ಸಲ ಅದೇ ನೆಂಟರು ಬಂದಾಗ ರೈಲುಗಾಡಿ ಕಪಾಟಿನ ಮೇಲಿತ್ತು. ಮಗು ಬಹಳ ಹೊತ್ತು ದೂರದಿಂದ ನೋಡಿ, ತನ್ನ ಕೆಂಪು ಚೆಂಡನ್ನು ನೆಂಟರ ಮಗುವಿನ ಕಡೆಗೆ ಉರುಳಿಸಿತು. ಅವರು ಹೊರಟು ಚಪ್ಪಲಿ ಮೆಟ್ಟುವಾಗ ಬಾಗಿಲಿಗೆ ಓಡಿಹೋಗಿ ಅದನ್ನು ಹಿಂದಕ್ಕೆ ಕೇಳಿ ಪಡೆಯಿತು. ಈ ಬಾರಿ ತಾಯಿ ಗದರಲಿಲ್ಲ.