ಎಂಜಿನ್ ಬಿಸಿ, ಹೀಟರ್ ತಣ್ಣಗೆ – ಏಕೆ?

ಡಿಸೆಂಬರ್ ತಿಂಗಳ ಮುಂಜಾನೆ ಅರಕಲಗೂಡಿನಿಂದ ಹಾಸನಕ್ಕೆ ಹಳೆಯ ಮಾರುತಿ 800 ಕಾರಿನಲ್ಲಿ ಹೊರಟಿದ್ದೀರಿ ಎಂದುಕೊಳ್ಳಿ. ಹೀಟರ್ ಹಾಕಿದರೆ ತಣ್ಣನೆಯ ಗಾಳಿ ಬರುತ್ತಿದೆ. ಆದರೆ ತಾಪಸೂಚಿಯ ಮುಳ್ಳು ಕೆಂಪು ಗುರುತಿನತ್ತ ಏರುತ್ತಿದೆ! ಪರಸ್ಪರ ವಿರುದ್ಧವೆನಿಸುವ ಈ ಎರಡು ದೋಷಗಳಿಗೆ ಒಂದೇ ಕಾರಣವಿರಬಹುದು.

ಪೆಟ್ರೋಲ್ ಉರಿದಾಗ ಬಿಡುಗಡೆಯಾಗುವ ಶಕ್ತಿಯಲ್ಲಿ ಸುಮಾರು ಕಾಲು ಭಾಗ ಮಾತ್ರ ಕಾರನ್ನು ಓಡಿಸಲು ಒದಗುತ್ತದೆ. ಉಳಿದ ಉಷ್ಣದ ಒಂದಂಶ ಹೊಗೆಕೊಳವೆಯ ಮೂಲಕ ಹೊರಹೋಗುತ್ತದೆ. ಇನ್ನೊಂದಂಶವನ್ನು ಕೂಲಂಟ್ ದ್ರವ ಹೊತ್ತೊಯ್ಯುತ್ತದೆ. ದ್ರವದ ತಾಪ ಸುಮಾರು 82ರಿಂದ 88°ಸೆ ತಲಪಿದಾಗ ಥರ್ಮೋಸ್ಟಾಟ್‌ನೊಳಗಿನ ಮೇಣ ಕರಗಿ, ಹಿಗ್ಗಿ, ಕವಾಟವನ್ನು ತೆರೆಯುತ್ತದೆ. ಆಗ ದ್ರವ ರೇಡಿಯೇಟರಿಗೆ ಹರಿದು ತಣಿಯುತ್ತದೆ. ಹೀಟರ್ ಕೂಡ ಒಂದು ಪುಟ್ಟ ರೇಡಿಯೇಟರ್ ಅಷ್ಟೆ. ಅದಕ್ಕೆ ಬೇರೆ ಉಷ್ಣಮೂಲವಿಲ್ಲ; ಎಂಜಿನ್ನಿನ ಬಿಸಿ ದ್ರವವೇ ಅದರೊಳಗೂ ಹರಿಯಬೇಕು.

ಈಗ ಲಕ್ಷಣಗಳನ್ನು ಪರಿಶೀಲಿಸೋಣ.

ಎಂಜಿನ್ ಅತಿ ಬಿಸಿ, ಹೀಟರ್ ತಣ್ಣಗೆ: ದ್ರವ ಕಡಿಮೆಯಾಗಿದೆ, ಕೊಳವೆಯಲ್ಲಿ ಗಾಳಿ ಸಿಕ್ಕಿಕೊಂಡಿದೆ ಅಥವಾ ಪಂಪು ಕೆಟ್ಟಿದೆ. ದ್ರವ ತೀರಾ ಇಳಿದಿದ್ದರೆ ತಾಪ ಸಂವೇದಕವೂ ದ್ರವದಿಂದ ಹೊರಗುಳಿದು, ಮುಳ್ಳು ಸುಳ್ಳು ಹೇಳಬಹುದು.

ಎಂಜಿನ್ ಬಿಸಿಯಾಗುವುದೇ ಇಲ್ಲ, ಹೀಟರ್ ಉಗುರುಬೆಚ್ಚಗೆ: ಥರ್ಮೋಸ್ಟಾಟ್ ತೆರೆದೇ ಉಳಿದಿದೆ.

ಎಂಜಿನ್ ಅತಿ ಬಿಸಿ, ಹೀಟರೂ ಬಿಸಿ, ರೇಡಿಯೇಟರ್ ತಣ್ಣಗೆ: ಥರ್ಮೋಸ್ಟಾಟ್ ಮುಚ್ಚಿಕೊಂಡಿದೆ.

ಹಾಸನದ ಸಂತೆ ದಿನದ ದಟ್ಟಣೆಯಲ್ಲಿ ಮಾತ್ರ ಬಿಸಿ: ಫ್ಯಾನ್ ತಿರುಗುತ್ತಿಲ್ಲ. ವೇಗವಾಗಿ ಓಡುವಾಗ ಎದುರುಗಾಳಿಯೇ ಫ್ಯಾನಿನ ಕೆಲಸ ಮಾಡುತ್ತದೆ.

ಚನ್ನರಾಯಪಟ್ಟಣದ ಹೆದ್ದಾರಿಯಲ್ಲಿ ವೇಗ ಹೆಚ್ಚಿಸಿದಾಗ ಮಾತ್ರ ಬಿಸಿ: ರೇಡಿಯೇಟರ್ ಕಟ್ಟಿಕೊಂಡಿರುವ ಸಾಧ್ಯತೆ ಹೆಚ್ಚು.

ರೇಡಿಯೇಟರಿನಲ್ಲಿ ನಿರಂತರ ಗುಳ್ಳೆ, ಎಂಜಿನ್ ಕಾದ ಮೇಲೂ ನಿಲ್ಲದ ಬಿಳಿ ಹೊಗೆ, ಹಾಲಿನಂತಾದ ಆಯಿಲ್: ಹೆಡ್ ಗ್ಯಾಸ್ಕೆಟ್ ಹೋಗಿರಬಹುದು. ಕಾರನ್ನು ಮುಂದೆ ಓಡಿಸಬೇಡಿ.

ರೇಡಿಯೇಟರ್ ಕಟ್ಟಿಕೊಳ್ಳುವುದೇಕೆ? ದಾರಿಯಲ್ಲಿ ಸಿಕ್ಕ ಕೊಳವೆಬಾವಿಯ ಗಡಸು ನೀರನ್ನು ಸುರಿಯುವುದು ಒಂದು ಮುಖ್ಯ ಕಾರಣ. ಕಾದಾಗ ಅದರಲ್ಲಿನ ಬೈಕಾರ್ಬೊನೇಟ್ ವಿಭಜನೆಗೊಂಡು ಕ್ಯಾಲ್ಸಿಯಂ ಕಾರ್ಬೊನೇಟಿನ ಪದರ ಕೂರುತ್ತದೆ. ತಾಮ್ರದ ಉಷ್ಣವಾಹಕತೆ ಈ ಪದರದ ಉಷ್ಣವಾಹಕತೆಗಿಂತ ನೂರು ಪಟ್ಟಿಗೂ ಹೆಚ್ಚು. ಹೊಳೆನರಸೀಪುರದಲ್ಲಿ ಹೇಮಾವತಿ ನದಿಯ ನೀರನ್ನು ತುಂಬಿಸಿಕೊಂಡರೂ ಅದರಲ್ಲಿ ಲವಣ, ಮಣ್ಣಿನ ಕಣಗಳಿರುತ್ತವೆ. ಆಸವಿತ ನೀರು ಬೆರೆಸಿದ ಕೂಲಂಟೇ ಸರಿ.

ಇನ್ನು ಎಲ್ಲಕ್ಕಿಂತ ಮುಖ್ಯವಾದ ಎಚ್ಚರಿಕೆ. ಹಾಸನ ಸಮುದ್ರಮಟ್ಟದಿಂದ ಸುಮಾರು 950 ಮೀಟರ್ ಎತ್ತರದಲ್ಲಿದೆ. ಇಲ್ಲಿ ನೀರು ತೆರೆದ ಪಾತ್ರೆಯಲ್ಲಿ ಸುಮಾರು 97°ಸೆನಲ್ಲೇ ಕುದಿಯುತ್ತದೆ. ರೇಡಿಯೇಟರಿನ ಮುಚ್ಚಳ ಒಳಗಿನ ಒತ್ತಡವನ್ನು ಸುಮಾರು 0.9 ಬಾರ್‌ನಷ್ಟು ಹೆಚ್ಚಿಸಿ, ಕುದಿಬಿಂದುವನ್ನು ಸುಮಾರು 117°ಸೆಗೆ ಏರಿಸುತ್ತದೆ. ಈ ತಾಪದಲ್ಲಿ ಮುಚ್ಚಳ ತೆಗೆದರೆ ಏನಾದೀತು? ವಿದ್ಯಾರ್ಥಿಗಳೇ, ಲೆಕ್ಕ ಹಾಕಿ. ಒಂದು ಕಿಲೋಗ್ರಾಂ ನೀರು 20 ಡಿಗ್ರಿ ತಣಿಯುವಾಗ ಬಿಡುವ ಉಷ್ಣ 4.2 × 20 = 84 ಕಿಲೋಜೂಲ್. ಒಂದು ಗ್ರಾಂ ನೀರು ಆವಿಯಾಗಲು ಬೇಕಾದ ಗುಪ್ತೋಷ್ಣ ಸುಮಾರು 2.26 ಕಿಲೋಜೂಲ್. ಆದ್ದರಿಂದ 37 ಗ್ರಾಂ ನೀರು ಒಮ್ಮೆಲೇ ಆವಿಯಾಗುತ್ತದೆ. ಅದರ ಗಾತ್ರ 60 ಲೀಟರಿಗೂ ಹೆಚ್ಚು! ಈ ಆವಿ ಕುದಿನೀರನ್ನೂ ಎತ್ತಿ ಮುಖದ ಮೇಲೆ ಎರಚುತ್ತದೆ.

ಆದ್ದರಿಂದ ಮುಳ್ಳು ಏರಿದಾಗ ಎ.ಸಿ. ನಿಲ್ಲಿಸಿ, ಹೀಟರನ್ನು ಪೂರ್ತಿ ಬಿಸಿಗೆ ತಿರುಗಿಸಿ. ದ್ರವ ಹರಿಯುತ್ತಿದ್ದರೆ ಅದು ಸ್ವಲ್ಪ ಉಷ್ಣವನ್ನಾದರೂ ಹೊರಹಾಕುತ್ತದೆ. ಸುರಕ್ಷಿತ ಸ್ಥಳ ಸಿಕ್ಕೊಡನೆ ಕಾರು ನಿಲ್ಲಿಸಿ, ಎಂಜಿನ್ ಆರಿಸಿ. ಅರ್ಧ ಗಂಟೆಗೂ ಹೆಚ್ಚು ಕಾಲ ಕಾಯಿರಿ. ರೇಡಿಯೇಟರಿನ ಮೇಲಿನ ಕೊಳವೆ ಕೈಗೆ ತಣ್ಣಗೆನಿಸಿದ ಮೇಲಷ್ಟೇ ಮುಚ್ಚಳ ಮುಟ್ಟಿ.